ಬ್ಯಾಟರಿ ಸೀಸ ಬೇಡ, ಒಲೆಯೂ ಬೇಡ: ಏರ್‌ಗನ್ ಗುಂಡನ್ನು ತಣ್ಣಗೇ ಒತ್ತಿ

ಪ್ರಶ್ನೆ: ಸರ್, ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್. ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಮನೆಯಲ್ಲಿ ಸ್ಪ್ರಿಂಗ್ ಏರ್‌ಗನ್ ಒಂದಿದೆ, 4.5 ಮಿ.ಮೀ. ಪೆಲ್ಲೆಟ್ ಡಬ್ಬಿ ತರಿಸಿ ತರಿಸಿ ಸಾಕಾಗಿದೆ. ನನ್ನ ಹತ್ತಿರ ಬೆಂಚ್ ವೈಸ್, ಕೈ ಡ್ರಿಲ್, ಅರ, ವರ್ನಿಯರ್ ಎಲ್ಲ ಇವೆ. ಹಳೇ ಟ್ರ್ಯಾಕ್ಟರ್ ಬ್ಯಾಟರಿ ಒಡೆದರೆ ಬೇಕಾದಷ್ಟು ಸೀಸ ಸಿಗುತ್ತದೆ. ಕರಗಿಸಿ ಮನೆಯಲ್ಲೇ ಗುಂಡು ಮಾಡಿಕೊಳ್ಳಬಹುದಾ? ಭತ್ತದ ಗದ್ದೆಗೆ ಬರುವ ಹಕ್ಕಿ ಓಡಿಸಲಿಕ್ಕೂ ಆಗುತ್ತದೆ ಅಲ್ವಾ?

ಉತ್ತರ:

ಬ್ಯಾಟರಿಯನ್ನು ಮುಟ್ಟಬೇಡಿ. ಬೇರೆ ಎಲ್ಲ ಆಮೇಲೆ ಮಾತಾಡೋಣ.

ಬ್ಯಾಟರಿಯೊಳಗೆ ಇರುವುದು ಬರೀ ಸೀಸ ಅಂತ ಜನ ತಿಳಿದಿದ್ದಾರೆ. ಅಲ್ಲ. ಪ್ಲೇಟಿನ ಜಾಲರಿಗೆ ಗಟ್ಟಿ ಬರಲಿ ಅಂತ ಆಂಟಿಮನಿ ಇಲ್ಲವೇ ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಅದಕ್ಕೆ ಮೆತ್ತಿರುವ ಪೇಸ್ಟು ಸೀಸದ ಆಕ್ಸೈಡು, ಸಲ್ಫೇಟು. ಮೇಲೆ ಗಂಧಕದ ಆಮ್ಲ. ಇದನ್ನು ಬಾಣಲೆಗೆ ಹಾಕಿ ಕಾಯಿಸಿದರೆ ಅರ್ಧಕ್ಕಿಂತ ಜಾಸ್ತಿ ಕಿಟ್ಟವೇ ಬರುತ್ತದೆ, ಜೊತೆಗೆ ಮೂಗು ಸುಡುವ ಹೊಗೆ. ಆ ಕಿಟ್ಟವನ್ನು ಹಿತ್ತಲಿಗೆ ಎಸೆದು ಅದರ ಮೇಲೆ ನೀರು ಬಿತ್ತು ಅಂದರೆ ಇನ್ನೊಂದು ಅಪಾಯ. ಆರ್ಸೆನಿಕ್, ಆಂಟಿಮನಿ ಸೇರಿದ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಎಂಬ ವಿಷಗಾಳಿ ಹುಟ್ಟಬಹುದು. ಕಣ್ಣಿಗೆ ಕಾಣುವುದಿಲ್ಲ, ಮನುಷ್ಯನನ್ನು ಕೊಲ್ಲುವಷ್ಟು ಕೆಟ್ಟದ್ದು. ಇಷ್ಟೆಲ್ಲ ಮಾಡಿ ಕೈಗೆ ಸಿಗುವ ಸೀಸವೂ ಗಟ್ಟಿ, ಏರ್‌ಗನ್ನಿಗೆ ಬಾರದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಹೊಸದು ಕೊಳ್ಳುವಾಗ ಅಂಗಡಿಗೆ ವಾಪಸು ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ.

ಇನ್ನು ಕರಗಿಸುವುದು. ಸೀಸ 327 ಡಿಗ್ರಿಗೆ ಕರಗುತ್ತದೆ, ಅಡುಗೆ ಗ್ಯಾಸಿನ ಒಲೆಗೆ ಅದು ದೊಡ್ಡ ವಿಷಯವಲ್ಲ. ಅದಕ್ಕೇ ಜನ ಸಲೀಸು ಅಂದುಕೊಂಡು ಕೈಹಾಕುವುದು. ಕರಗಿದ ಸೀಸಕ್ಕೆ ಒಂದು ಹನಿ ಬೆವರು ಬಿದ್ದರೂ ಸಾಕು, ನೀರು ಒಮ್ಮೆಗೇ ಆವಿಯಾಗಿ ಸೀಸ ಮುಖಕ್ಕೆ ಸಿಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯ ತಗಡಿನ ಶೆಡ್ಡಿನಲ್ಲಿ ಬೆವರು ಬೀಳದ ಹಾಗೆ ಕೆಲಸ ಮಾಡಿ ತೋರಿಸಿ ನೋಡೋಣ! ನಾನೂ ಒಂದು ಕಾಲಕ್ಕೆ ಕರಗಿಸಿ ಎರಕ ಹೊಯ್ದವನೇ. ಎಡಗೈ ಮೇಲೆ ಮೂರು ಕಲೆ ಇವೆ. ಅದೃಷ್ಟಕ್ಕೆ ಕಣ್ಣು ಉಳಿದಿದೆ.

ಆದ್ದರಿಂದ ನನ್ನ ಮಾತು ಇಷ್ಟೇ. ಮನೆಯಲ್ಲಿ ಮಾಡುವುದಾದರೆ ತಣ್ಣಗಿನ ಸೀಸದ ತಂತಿಯನ್ನು ಡೈಯಲ್ಲಿ, ಅಂದರೆ ಉಕ್ಕಿನ ಅಚ್ಚಿನಲ್ಲಿ, ಒತ್ತಿ ಮಾಡಿ. ಸೀಸ ಉಗುರಿಗೇ ಗೆರೆ ಬೀಳುವಷ್ಟು ಮೆತ್ತಗಿನ ಲೋಹ. ವೈಸಿನ ಒತ್ತಡಕ್ಕೆ ಹಿಟ್ಟಿನ ಹಾಗೆ ಹರಿಯುತ್ತದೆ. ಬೆಂಕಿಯ ಕೆಲಸವೇ ಇಲ್ಲ.

ಕಾನೂನಿನ ಮಾತು ಈಗಲೇ ಮುಗಿಸಿಬಿಡುತ್ತೇನೆ. 2016ರ ಶಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಇಲ್ಲವೇ 4.5 ಮಿ.ಮೀ. ಕೊಳವೆ ಮೀರಿದ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ನಿಮ್ಮಂಥದ್ದು ಸಾಮಾನ್ಯವಾಗಿ ಅದರೊಳಗಿರುತ್ತದೆ. 0.53 ಗ್ರಾಂ ಗುಂಡು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 7.7 ಜೂಲ್. ಆದರೆ ಮದ್ದುಗುಂಡು ತಯಾರಿಸುವುದಕ್ಕೂ ಮಾರುವುದಕ್ಕೂ 1959ರ ಶಸ್ತ್ರ ಕಾಯ್ದೆ ಪರವಾನಗಿ ಕೇಳುತ್ತದೆ. ಡೈ ಮಾಡುವ ಮುಂಚೆ ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪರಿಚಯದವರು ಕೇಳಿದರು ಅಂತ ಹತ್ತು ರೂಪಾಯಿಗೂ ಮಾರಬೇಡಿ.

ಈಗ ಗುಂಡಿಗೆ ಬರೋಣ. ಡಬ್ಬಿಯಿಂದ ಒಂದು ಪೆಲ್ಲೆಟ್ ತೆಗೆದು ಭೂತಕನ್ನಡಿಯಲ್ಲಿ ನೋಡಿ. ನಮ್ಮ ಕಡೆ ಹಳಬರು ಛರ್ರಾ ಅನ್ನುತ್ತಾರೆ, ಅದು ಬರೀ ದುಂಡನೆ ಕಾಳು. ಇದು ಹಾಗಲ್ಲ, ಥೇಟ್ ಬುಡುಬುಡಿಕೆ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಮೂರಕ್ಕೂ ಕೆಲಸ ಇದೆ. ತಲೆ ಕೊಳವೆಯೊಳಗೆ ನೆಟ್ಟಗೆ ಕೂರಬೇಕು. ಲಂಗದ ಗೋಡೆ ತೆಳ್ಳಗಿರುವುದರಿಂದ ಹಿಂದಿನಿಂದ ಗಾಳಿ ಒತ್ತಿದಾಗ ಅಗಲವಾಗಿ ಕೊಳವೆಯ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ಸೊಂಟ ಸಣ್ಣಗಿರುವುದರಿಂದ ಗುಂಡಿನ ಉದ್ದಕ್ಕೂ ಕೊಳವೆಗೆ ಉಜ್ಜುವುದಿಲ್ಲ. ಟೊಳ್ಳಿರುವುದರಿಂದ ತೂಕ ಮುಂದಕ್ಕೆ ಬೀಳುತ್ತದೆ, ಗುಂಡು ಪಲ್ಟಿ ಹೊಡೆಯದೆ ಹೋಗುತ್ತದೆ.

ಗಟ್ಟಿ ಸೀಸ ಏಕೆ ಬಾರದು ಅಂತ ಈಗ ಗೊತ್ತಾಯಿತಲ್ಲ. ಲಂಗ ಅರಳುವುದಿಲ್ಲ. ಗಾಳಿ ಪಕ್ಕದಿಂದ ಜಾರಿಹೋಗುತ್ತದೆ. ಸ್ಪ್ರಿಂಗ್ ಗನ್ನಿಗೆ ಇದರಿಂದ ಇನ್ನೊಂದು ಕೇಡು. ಗುಂಡು ತಡೆ ಕೊಟ್ಟರೇನೇ ಸ್ಪ್ರಿಂಗ್ ತಳ್ಳುವ ಪಿಸ್ಟನ್ ಮುಂದೆ ಗಾಳಿ ಮೆತ್ತೆಯ ಹಾಗೆ ನಿಲ್ಲುವುದು. ಗುಂಡು ಸಡಿಲವಿದ್ದರೆ ಪಿಸ್ಟನ್ ಹೋಗಿ ತುದಿಗೆ ಬಡಿಯುತ್ತದೆ, ಖಾಲಿ ಗನ್ ಹೊಡೆದ ಹಾಗೆಯೇ ಲೆಕ್ಕ. ಸೀಲು, ಸ್ಪ್ರಿಂಗು ಎರಡೂ ಬೇಗ ಹೋಗುತ್ತವೆ. ಸೈಕಲ್ ಬೇರಿಂಗಿನ ಸ್ಟೀಲ್ ಗುಂಡು ಹಾಕುವವರನ್ನೂ ನೋಡಿದ್ದೇನೆ. ಕೊಳವೆಯ ಗೆರೆಗಳನ್ನು ಅರ ಹಾಕಿ ಅಳಿಸಿದ ಹಾಗೆ ಅದು. ಜೊತೆಗೆ ಗೋಡೆಗೆ ಬಡಿದು ವಾಪಸು ಹಾರುತ್ತದೆ.

ಮೆತ್ತಗಿನ ಸೀಸ ಎಲ್ಲಿಂದ? ನೀವು ಫಿಟ್ಟರ್, ನಿಮಗೆ ಇದು ಸುಲಭ. ಗೇರ್ ಹಲ್ಲಿನ ನಡುವೆ, ಬೇರಿಂಗಿನೊಳಗೆ ಕ್ಲಿಯರೆನ್ಸ್ (ಸಂದಿನ ಅಳತೆ) ನೋಡಲಿಕ್ಕೆ ಸೀಸದ ತಂತಿ ಇಟ್ಟು ಅಮುಕಿ ಅಳೆಯುತ್ತೇವಲ್ಲ, ಅದೇ ತಂತಿ. 3 ಮಿ.ಮೀ.ದು ತೆಗೆದುಕೊಳ್ಳಿ. ಮುನಿರಾಬಾದಿನ ಕಡೆ ಮೀನುಗಾರರು ಬಲೆಗೆ ಕಟ್ಟುವ ಸೀಸವೂ ಸಿಗುತ್ತದೆ, ಆದರೆ ಅದರಲ್ಲಿ ಏನೇನು ಬೆರೆತಿದೆಯೋ, ಮತ್ತೆ ಕರಗಿಸಿ ತಂತಿ ಎಳೆಯುವ ರಗಳೆ ಬೇರೆ. ಗುಜರಿಯಲ್ಲಿ ಕೊಳ್ಳುವುದಾದರೆ ಕಣ್ಣುಮುಚ್ಚಿ ನಂಬಬೇಡಿ. ಒಮ್ಮೆ ಒಂದು ಗುಜರಿ ಅಂಗಡಿಯವರು ಸೀಸ ಅಂತ ನನಗೆ ಎರಡು ಕಿಲೋ ಬೆಸುಗೆ ಲೋಹ ದಾಟಿಸಿದ್ದರು. ಪರೀಕ್ಷೆ ಸುಲಭ. ಶುದ್ಧ ಸೀಸವನ್ನು ಕಾಗದದ ಮೇಲೆ ಎಳೆದರೆ ಪೆನ್ಸಿಲಿನ ಹಾಗೆ ಬೂದು ಗೆರೆ ಬೀಳುತ್ತದೆ, ಬಾಗಿಸಿದರೆ ಸದ್ದಿಲ್ಲದೆ ಬಾಗುತ್ತದೆ. ಕಲಾಯಿಯವರು ಬಳಸುವ ತವರವನ್ನು ಬಾಗಿಸಿ ಕಿವಿ ಹತ್ತಿರ ಹಿಡಿಯಿರಿ, ಕಿರ್ ಕಿರ್ ಅಂತ ನರಳುತ್ತದೆ. ತವರ ಬಿಳುಪಾಗಿ ಹೊಳೆಯುತ್ತದೆ, ಸೀಸ ಕತ್ತರಿಸಿದ ಸ್ವಲ್ಪ ಹೊತ್ತಿಗೇ ಮಂಕಾಗುತ್ತದೆ.

ಲೆಕ್ಕ ಹೀಗೆ. ಗುಂಡಿನ ತೂಕ 0.53 ಗ್ರಾಂ ಬೇಕು. ಸೀಸದ ಸಾಂದ್ರತೆ 11.34. ಅಂದರೆ 46.7 ಘನ ಮಿ.ಮೀ. ಸೀಸ. 3 ಮಿ.ಮೀ. ತಂತಿಯಾದರೆ 6.6 ಮಿ.ಮೀ. ಉದ್ದದ ತುಂಡು. ನೀವು 7 ಮಿ.ಮೀ. ಕತ್ತರಿಸಿ, ಜಾಸ್ತಿಯಾದದ್ದನ್ನು ಡೈಯೇ ಹೊರಹಾಕುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ಕತ್ತರಿಸಲಿಕ್ಕೆ ಹ್ಯಾಕ್ಸಾ ಬೇಡ, ಸೀಸದ ಪುಡಿ ಉದುರುತ್ತದೆ. 7 ಮಿ.ಮೀ. ದಪ್ಪದ ಪಟ್ಟಿಗೆ 3.2ರ ತೂತು ಹೊಡೆದು, ತಂತಿ ತೂರಿಸಿ, ಎರಡೂ ಕಡೆ ಪಟ್ಟಿಯ ಮಟ್ಟಕ್ಕೆ ಚೂಪಾದ ಬ್ಲೇಡಿನಿಂದ ಒತ್ತಿ ಕತ್ತರಿಸಿ.

ಡೈಗೆ 12 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು) ಪಟ್ಟಿ ಸಾಕು. ನೂರಾರು ಗುಂಡಿಗೆ ಅದು ಸವೆಯುವುದಿಲ್ಲ, ಸೀಸ ಅಷ್ಟು ಮೆತ್ತಗೆ. 4.3ರ ಬಿಟ್ಟಿನಲ್ಲಿ ತೂತು ಹೊಡೆದು, ಅದನ್ನು ನಿಖರ ಅಳತೆಗೆ ತರಲು 4.5ರ ರೀಮರ್ ಹಾಕಿ. ಎಚ್7 ಅಂತ ಬರೆದಿರುವ ರೀಮರ್ ಕೇಳಿ. ಸರಿಯಾಗಿ ಹಾಕಿದರೆ ತೂತು 4.500ರಿಂದ 4.512ರ ಒಳಗೆ ನಿಲ್ಲುತ್ತದೆ. ಕೈ ಡ್ರಿಲ್ಲಿನಿಂದ ನೆಟ್ಟಗೆ ತೂತು ಬೀಳುವುದು ಕಷ್ಟ. ಅಹಂಕಾರ ಪಡದೆ ಇದೊಂದನ್ನು ಸ್ಟ್ಯಾಂಡ್ ಇರುವ ಡ್ರಿಲ್ಲಿನಲ್ಲಿ ಹೊಡೆಸಿಕೊಂಡು ಬನ್ನಿ. ರೀಮರನ್ನು ಕೈಯಲ್ಲೇ, ಎಣ್ಣೆ ಬಿಟ್ಟು, ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸಿ. ಹೊರತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತಾ ಎಳೆಯಿರಿ. ಹಿಂದಕ್ಕೆ ತಿರುಗಿಸಿದರೆ ಅಂಚು ಸತ್ತುಹೋಗುತ್ತದೆ. ನನ್ನ ಹತ್ತಿರ ಫಿಟ್ಟಿಂಗ್ ಕಲಿತ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ವರ್ಷಕ್ಕೆ ನಾಲ್ಕು ರೀಮರ್ ಹಾಳು.

ಇನ್ನು ಎರಡು ಪಂಚ್, ಅಂದರೆ ತೂತಿನೊಳಗಿನ ಸೀಸವನ್ನು ಕೆಳಗಿನಿಂದ, ಮೇಲಿನಿಂದ ಒತ್ತುವ ತುಂಡುಗಳು. ಎರಡಕ್ಕೂ 4.5ರ ಸಿಲ್ವರ್ ಸ್ಟೀಲ್ (ಅಳತೆಗೆ ಉಜ್ಜಿದ ಹತಾರದ ಉಕ್ಕು) ಸರಳು. ಕೆಳಗಿನದು 6 ಮಿ.ಮೀ. ಉದ್ದದ ಚಪ್ಪಟೆ ಮುಖದ ತುಂಡು, ಅದರಿಂದ ಗುಂಡಿಗೆ ಚಪ್ಪಟೆ ತಲೆ ಬರುತ್ತದೆ. ಕಾಗದದ ಗುರಿಗೆ ಚಪ್ಪಟೆ ತಲೆಯೇ ಬೇಕು, ದುಂಡಗೆ ಚೊಕ್ಕವಾಗಿ ತೂತು ಕೊಯ್ಯುತ್ತದೆ. ಮೇಲಿನ ಪಂಚಿನ ತುದಿಗೆ ಮೂತಿ ಮಾಡಬೇಕು: 2.5 ಮಿ.ಮೀ. ಉದ್ದ, ಬುಡದಲ್ಲಿ 3.5, ತುದಿಯಲ್ಲಿ 2.5. ಲೇತ್ ಬೇಡ. ಡ್ರಿಲ್ಲನ್ನು ವೈಸಿಗೆ ಅಡ್ಡ ಕಟ್ಟಿ, ಸರಳನ್ನು ಚಕ್ಕಿಗೆ ಸಿಕ್ಕಿಸಿ, ತಿರುಗುವಾಗ ನಯವಾದ ಅರ ಹಿಡಿಯಿರಿ. ಕೊನೆಗೆ ನೀರು ಕಾಗದ (ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ) ಹಾಕಿ ಕನ್ನಡಿಯ ಹಾಗೆ ಹೊಳಪು ಕೊಡಿ. ಒಂದು ಗೀರು ಉಳಿದರೂ ಸೀಸ ಅಲ್ಲೇ ಕಚ್ಚಿಕೊಂಡು ಲಂಗ ಹರಿದು ಬರುತ್ತದೆ. ಈ ಅಳತೆಗೆ ಲಂಗದ ಗೋಡೆ ಅರ್ಧ ಮಿ.ಮೀ. ಆಗುತ್ತದೆ, ಗುಂಡಿನ ಒಟ್ಟು ಉದ್ದ ಸುಮಾರು 4.

ಜಾಸ್ತಿ ಸೀಸ ಹೊರಹೋಗುವ ದಾರಿ ಹೇಳುತ್ತೇನೆ ಅಂದೆನಲ್ಲ. ಕೆಳಗಿನ ಪಂಚಿನ ಪಕ್ಕಕ್ಕೆ, ಉದ್ದಕ್ಕೂ, ತ್ರಿಕೋನ ಅರದಿಂದ ಕೂದಲೆಳೆಯಷ್ಟು ಕಾಲುವೆ ಹಾಕಿ. ಮೇಲಿನ ಪಂಚಿಗೆ ಬಳೆಯಂಥ ಒಂದು ಬುಶ್ ಕೂರಿಸಿ, ಅದು ಡೈಗೆ ತಾಗಿದ ಮೇಲೆ ಪಂಚ್ ಇನ್ನೂ ಇಳಿಯಬಾರದು. ಒಳಗಿನ ಜಾಗ ಯಾವಾಗಲೂ ಅಷ್ಟೇ. ಒತ್ತಿದಾಗ ಮಿಕ್ಕ ಸೀಸ ಶ್ಯಾವಿಗೆ ಎಳೆಯ ಹಾಗೆ ಆ ಕಾಲುವೆಯಿಂದ ಹೊರಗೆ ಬರುತ್ತದೆ. ನೀವು ತಂತಿಯನ್ನು ಸ್ವಲ್ಪ ಹೆಚ್ಚುಕಮ್ಮಿ ಕತ್ತರಿಸಿದರೂ ಗುಂಡಿನ ತೂಕ ಒಂದೇ ಬರುತ್ತದೆ. ಈ ಕಾಲುವೆ ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? 4 ಮಿ.ಮೀ. ತಂತಿಯಲ್ಲಿ ಬರೀ 0.1 ಮಿ.ಮೀ. ಉದ್ದ ತಪ್ಪಿದರೆ 0.014 ಗ್ರಾಂ ವ್ಯತ್ಯಾಸ. ತೆಳ್ಳಗಿನ ತಂತಿ ತೆಗೆದುಕೊಳ್ಳಿ ಅಂದದ್ದೂ ಅದಕ್ಕೇ.

ಒತ್ತುವುದು ವೈಸಿನಲ್ಲಿ, ಸುತ್ತಿಗೆಯಲ್ಲಲ್ಲ. ಸುತ್ತಿಗೆ ಏಟಿಗೆ ಒಂದು ಸಲ ಬಂದದ್ದು ಇನ್ನೊಂದು ಸಲ ಬರುವುದಿಲ್ಲ. ಡೈಗೆ ಎಣ್ಣೆ ಅಂದರೆ ಬೆರಳು ಒರೆಸಿದಷ್ಟು ಮಾತ್ರ. ಜಾಸ್ತಿಯಾದರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಗುಂಡಿನ ಮೈ ಮೇಲೆ ಗುಳಿ ಬೀಳುತ್ತದೆ. ಎಣ್ಣೆ ಉಳಿದ ಗುಂಡನ್ನು ಸ್ಪ್ರಿಂಗ್ ಗನ್ನಿಗೆ ಹಾಕಿದರೆ ಒತ್ತಡದ ಬಿಸಿಗೆ ಎಣ್ಣೆ ಡೀಸೆಲ್ ಎಂಜಿನ್ನಿನ ಹಾಗೆ ಹತ್ತಿಕೊಂಡು ಪಟ್ ಅನ್ನುತ್ತದೆ, ಸೀಲು ಸುಡುತ್ತದೆ. ಒರೆಸಿಯೇ ಬಳಸಿ. ಎಳೆ ಅಂಟಿದ್ದ ಜಾಗವನ್ನು ಬ್ಲೇಡಿನಿಂದ ಸವರಿ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯಿತು, ನೋಡಿದಿರಾ? ಸೊಂಟ ಇಲ್ಲ. ನೇರ ತೂತಿನಿಂದ ಸೊಂಟವಿರುವ ಗುಂಡನ್ನು ಹೊರತಳ್ಳಲು ಆಗುವುದಿಲ್ಲ. ಅದಕ್ಕೆ ಎರಡು ಹೋಳಿನ ಡೈ ಬೇಕು, ಎರಡೂ ಹೋಳು ಕೂದಲೂ ತೂರದ ಹಾಗೆ ಕೂಡಬೇಕು. ಅದು ಕೈ ಕೆಲಸದ ಮಾತಲ್ಲ. ನಾನು ಲಂಗದೊಳಗೆ ಒಂದು ಕಡ್ಡಿ ಸಿಕ್ಕಿಸಿ, ಗಾಜಿನ ಮೇಲೆ ಗುಂಡಿಟ್ಟು, 2 ಮಿ.ಮೀ. ಸರಳಿನಿಂದ ಲಟ್ಟಿಸಿ ನಡುವೆ ತೋಡು ಮಾಡಿ ನೋಡಿದೆ. ಹತ್ತರಲ್ಲಿ ನಾಲ್ಕು ಚೆನ್ನಾಗಿ ಬಂದವು, ಉಳಿದವು ಸೊಟ್ಟ. ಬಿಟ್ಟುಬಿಟ್ಟೆ. ಸೊಂಟ ಇಲ್ಲದ ಗುಂಡೂ ಹೋಗುತ್ತದೆ, ಆದರೆ ಕೊಳವೆಗೆ ಉದ್ದಕ್ಕೂ ಉಜ್ಜುತ್ತದೆ, ವೇಗ ಸ್ವಲ್ಪ ಕಡಿಮೆ. ಹೆಬ್ಬೆರಳಿನಿಂದ ಸ್ವಲ್ಪ ಬಿಗಿಯಾಗಿ ಒಳಗೆ ಕೂತರೆ ಸರಿ. ತಾನೇ ಜಾರಿ ಬಿದ್ದರೆ ಬಳಸಬೇಡಿ, ಬಡಿದು ಕೂರಿಸಬೇಕಾದರೂ ಬಳಸಬೇಡಿ.

ನನ್ನ ಮೊದಲ ಮೂವತ್ತು ಗುಂಡುಗಳನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಅವರು ಬಂಗಾರವೇನೋ ಅಂತ ನಕ್ಕರು. 0.51ರಿಂದ 0.56ರ ತನಕ ಇದ್ದವು. ಆಗ ಕಾಲುವೆ ಹಾಕುವ ಉಪಾಯ ಗೊತ್ತಿರಲಿಲ್ಲ. ಹಾಕಿದ ಮೇಲೆ 0.53, 0.54ಕ್ಕೆ ಬಂದು ನಿಂತವು. ಹತ್ತು ಮೀಟರಿನಿಂದ ಐದು ಗುಂಡು ಹೊಡೆದರೆ ಹತ್ತು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದವು. ಡಬ್ಬಕ್ಕೆ, ಬಾಟಲಿ ಮುಚ್ಚಳಕ್ಕೆ ಹೊಡೆಯಲು ಇದು ಬೇಕಾದಷ್ಟಾಯಿತು.

ಮಗಳ ಅಭ್ಯಾಸಕ್ಕೆ? ಸಾಲದು. ಬೇಜಾರು ಮಾಡಿಕೊಳ್ಳಬೇಡಿ, ಗುರಿಯ ಅಳತೆ ನೋಡಿ. 10 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ., ಒಂಬತ್ತರ ಸುತ್ತು 5.5 ಮಿ.ಮೀ., ಇಡೀ ಗುರಿಯೇ 45.5 ಮಿ.ಮೀ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಂದರೆ ಮಗಳು ಕದಲದೆ ಹಿಡಿದರೂ ಗುಂಡು ಅವಳನ್ನು ಏಳಕ್ಕೆ, ಎಂಟಕ್ಕೆ ಇಳಿಸುತ್ತದೆ. ಅದಕ್ಕಿಂತ ಕೆಟ್ಟದ್ದೇನೆಂದರೆ ತಪ್ಪು ತನ್ನದೋ ಗುಂಡಿನದೋ ಅವಳಿಗೆ ಗೊತ್ತಾಗುವುದಿಲ್ಲ. ಕಲಿಯುವವರಿಗೆ ಇದು ವಿಷ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ ವಿಭಾಗದಲ್ಲಿ. ಆ ಮಟ್ಟದವರು ಕಾರ್ಖಾನೆ ಗುಂಡನ್ನೂ ಸುಮ್ನೆ ನಂಬುವುದಿಲ್ಲ. ಕೊಳವೆಯನ್ನು ಬಿಗಿದು ಕಟ್ಟಿ, ಒಂದೊಂದು ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ಗುಂಡು ಹೊಡೆದು, ತಮ್ಮ ಕೊಳವೆಗೆ ಒಪ್ಪುವ ಲಾಟನ್ನೇ ಆರಿಸುತ್ತಾರೆ.

ಖರ್ಚು ಉಳಿಸಲು ಬೇರೆ ದಾರಿ ಇದೆ. ಸ್ಪರ್ಧೆಯ ಅರ್ಹತಾ ಸುತ್ತು 60 ಗುಂಡಿನದು. ದಿನಾ ಅಷ್ಟು ಹೊಡೆದರೆ 500ರ ಡಬ್ಬಿ ಎಂಟು ದಿನಕ್ಕೆ ಖಾಲಿ. ಆದರೆ ದಿನಾ ಹೊಡೆಯಬೇಕಾಗಿಲ್ಲ. ದೊಡ್ಡ ಶೂಟರುಗಳೂ ಗುಂಡಿಲ್ಲದೆ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಾರೆ: ನಿಲ್ಲುವುದು, ಉಸಿರು, ಗುರಿ, ಟ್ರಿಗರ್. ಸ್ಪರ್ಧೆಯ ರೈಫಲ್‌ಗಳಲ್ಲಿ ಬಹಳಷ್ಟಕ್ಕೆ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಮನೆಯ ಸ್ಪ್ರಿಂಗ್ ಗನ್ನಿನಲ್ಲಿ ಮಾತ್ರ ಖಾಲಿ ಟ್ರಿಗರ್ ಎಳೆಯಬಾರದು, ಕಾರಣ ಆಗಲೇ ಹೇಳಿದೆ. ಇನ್ನೊಂದು, ಅಗ್ಗದ ಡಬ್ಬಿ ತಂದು ನೀವೇ ಆರಿಸಿ. ಗಾಜನ್ನು ಸ್ವಲ್ಪ ಓರೆ ಇಟ್ಟು ಒಂದೊಂದೇ ಗುಂಡು ಉರುಳಿಸಿ. ಲಂಗ ತಲೆಗಿಂತ ಅಗಲ ಇರುವುದರಿಂದ ಬಾಗಿ ಉರುಳುತ್ತದೆ. ಎಲ್ಲವೂ ಒಂದೇ ಬಾಗಿನಲ್ಲಿ ಹೋಗಬೇಕು. ಕುಂಟುವುದನ್ನು, ದಾರಿ ತಪ್ಪುವುದನ್ನು ಬೇರೆ ಹಾಕಿ. ಉಳಿದದ್ದನ್ನು ತೂಕದ ಪ್ರಕಾರ ಗುಂಪು ಮಾಡಿ. ಒಂದು ಸಂಜೆಯ ಕೆಲಸ. ಬೇರೆ ಹಾಕಿದವನ್ನು ನೀವು ಡಬ್ಬಕ್ಕೆ ಹೊಡೆಯಿರಿ.

ಹಕ್ಕಿಯ ವಿಷಯಕ್ಕೆ ನನ್ನದು ಚಿಕ್ಕ ಉತ್ತರ: ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ಮೊದಲ ಪಟ್ಟಿಯಲ್ಲಿದೆ. ಗದ್ದೆಗೆ ಬರುವ ಗಿಳಿ, ಗುಬ್ಬಿ ಜಾತಿಯ ಹಕ್ಕಿಗಳನ್ನು ಹೊಡೆದರೂ ಕೇಸೇ. ಏರ್‌ಗನ್ನಿನ ಗುಂಡು ಹಕ್ಕಿಯನ್ನು ಓಡಿಸುವುದೂ ಇಲ್ಲ, ಗಾಯ ಮಾಡಿ ಬಿಡುತ್ತದೆ. ನಮ್ಮ ಹಿರಿಯರು ಜೋಳದ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಕವಣೆ ಬೀಸಿ, ತಗಡು ಬಡಿದು ಕಾಯುತ್ತಿದ್ದರು. ಕವಣೆಯ ಚಟ್ ಅನ್ನುವ ಸದ್ದಿಗೇ ಹಿಂಡು ಏಳುತ್ತಿತ್ತು. ಹೊಳೆಯುವ ಪಟ್ಟಿ ಎಳೆದು ಕಟ್ಟಿದರೂ ಕೆಲವು ದಿನ ನಡೆಯುತ್ತದೆ. ಹಕ್ಕಿ ಬುದ್ಧಿವಂತ, ಜಾಗ ಬದಲಿಸುತ್ತಿರಬೇಕು.

ಕೊನೆಗೆ ಸೀಸದ ಶುಚಿ. ಒಲೆ ಹಚ್ಚದಿದ್ದರೂ ಇದು ಬಿಡಬಾರದು. ದೇಹಕ್ಕೆ ಇಷ್ಟು ಸೀಸ ಸೇರಿದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ಅಡುಗೆ ಮನೆಯಲ್ಲಿ, ಊಟದ ಜಾಗದಲ್ಲಿ ಈ ಕೆಲಸ ಬೇಡ. ಕೆಳಗೆ ಹಳೇ ಪೇಪರ್ ಹಾಸಿ, ತುಣುಕುಗಳನ್ನು ಡಬ್ಬಿಯಲ್ಲಿ ಮುಚ್ಚಿಡಿ. ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ನಡುವೆ ಬೀಡಿ, ಎಲೆಅಡಿಕೆ, ಗುಟ್ಕಾ ಏನೂ ಬಾಯಿಗೆ ಹೋಗಬಾರದು. ಸಾಬೂನು ಹಾಕಿ ಕೈ ತೊಳೆದು, ಅಂಗಿ ಬದಲಿಸಿ ಮನೆಯೊಳಗೆ ಹೋಗಿ. ಆ ಅಂಗಿಯನ್ನು ಬೇರೆಯಾಗಿ ಒಗೆಯಿರಿ. ಗುಂಡನ್ನು ಬಾಯಲ್ಲಿ ಹಿಡಿದುಕೊಂಡು ಒಂದೊಂದೇ ತುಂಬುವ ಅಭ್ಯಾಸ ಕೆಲವರಿಗೆ ಇದೆ. ಮಗಳು ಹಾಗೆ ಮಾಡುತ್ತಿದ್ದರೆ ಇವತ್ತೇ ಬಿಡಿಸಿ. ಹೊಡೆದ ಗುಂಡು ಬೀಳುವ ಕಡೆ ಹಳೇ ಬಟ್ಟೆ ತುಂಬಿದ ಪೆಟ್ಟಿಗೆ, ಹಿಂದೆ ಸ್ಟೀಲ್ ತಗಡು ಇಡಿ. ಚೂರಾದ ಸೀಸ ಹಿತ್ತಲ ಮಣ್ಣಿಗೆ, ಕೋಳಿ ಕೆದಕುವ ಜಾಗಕ್ಕೆ ಬೀಳಬಾರದು.

ಕಚೇರಿಯಿಂದ ಒಪ್ಪಿಗೆ ಸಿಕ್ಕಿ ಡೈ ಮಾಡಿದರೆ ಮೊದಲ ಹತ್ತು ಗುಂಡಿನ ತೂಕ, ತಲೆಯ ಅಳತೆ ಬರೆದು ಕಳಿಸಿ. ವರ್ನಿಯರಿನಲ್ಲಿ ಅಳೆಯಬೇಡಿ, ಸೀಸ ಅಮುಕಿಹೋಗುತ್ತದೆ. ಗಿರಣಿಯಲ್ಲಿ ಮೈಕ್ರೋಮೀಟರ್ ಇದ್ದರೆ ಅದರ ರ‍್ಯಾಚೆಟ್ ಬಳಸಿ, ಒಂದೇ ಕ್ಲಿಕ್ಕಿಗೆ ನಿಲ್ಲಿಸಿ.